ಮೊಣಕಾಲಿನ ಕೆಳಗಷ್ಟೇ ಪೆಟ್ಟು: ಪುತ್ತರಿ ವಾರದ ಕೊಡಗು

ಮೊದಲ ದಿನ: ಮಡಿಕೇರಿ

ಕೊಡವರ ಸುಗ್ಗಿ ಹಬ್ಬ ಪುತ್ತರಿಯನ್ನು ನೋಡಲು ಹೊರಡುವವರು ತಿಂಗಳುಗಟ್ಟಲೆ ಮೊದಲೇ ರೂಮು ಹಿಡಿದಿಟ್ಟರೆ ಲೆಕ್ಕ ತಪ್ಪುವ ಸಂಭವ ಹೆಚ್ಚು. ಹಬ್ಬದ ದಿನ, ಕದಿರು ತೆಗೆಯುವ ಗಳಿಗೆ ಎರಡೂ ನಿಶ್ಚಯವಾಗುವುದು ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ. ರೋಹಿಣಿ ನಕ್ಷತ್ರ, ಹುಣ್ಣಿಮೆ ನೋಡಿ ಇಡುವ ಮುಹೂರ್ತವಾದ್ದರಿಂದ ಅದು ನವೆಂಬರ್ ಕೊನೆಗೂ ಬರಬಹುದು, ಡಿಸೆಂಬರಿನೊಳಕ್ಕೂ ಜಾರಬಹುದು. ದಿನ ಗೊತ್ತಾಯಿತೆಂದರೆ ಊರೂರಿನ ಮಂದ್‌ಗಳಲ್ಲಿ ಕೋಲಿನ ಸದ್ದು ಏಳುತ್ತದೆ. ಮಂದ್ ಎಂದರೆ ಊರಿನವರು, ನಾಡಿನವರು ಕೂಡುವ ಹಸಿರು ಬಯಲು. ಅಲ್ಲೇ ಪಂಚಾಯಿತಿ, ಅಲ್ಲೇ ಹಾಡು, ಅಲ್ಲೇ ಆಟ. ನಾವು ನೋಡಲು ಹೊರಟಿದ್ದು ಹಬ್ಬದೂಟವನ್ನಲ್ಲ, ಆ ಬೆತ್ತದ ಆಟಗಳನ್ನು. ಕೋಲಾಟ್ ಮತ್ತು ಪರಿಯಕಳಿ: ಒಂದು ಕುಣಿತ, ಇನ್ನೊಂದು ಗುರಾಣಿ ಹಿಡಿದ ಕಾಳಗ. ಅಭ್ಯಾಸ, ಪ್ರದರ್ಶನ, ಸ್ಪರ್ಧೆ ಮೂರನ್ನೂ ಒಂದೇ ಓಡಾಟದಲ್ಲಿ ನೋಡಬೇಕಿದ್ದರೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ.

ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರದ ಮೇಲೆ ಮಡಿಕೇರಿಗೆ ಸುಮಾರು 120 ಕಿ.ಮೀ. ಮಧ್ಯಾಹ್ನದೊಳಗೆ ತಲುಪಿದರೆ ಕೋಟೆಗೆ ಒಂದು ಸುತ್ತು ಹಾಕಿ, ಜನರಲ್ ತಿಮ್ಮಯ್ಯನವರು ಹುಟ್ಟಿ ಬೆಳೆದ ‘ಸನ್ನಿಸೈಡ್’ ಮನೆಗೆ ಹೋಗಬಹುದು. 2021ರ ಫೆಬ್ರವರಿಯಲ್ಲಿ ಅದು ಮ್ಯೂಸಿಯಂ ಆಗಿ ತೆರೆದುಕೊಂಡಿತು. ಇದು ಸೈನ್ಯದ ಕಥೆ. ಮಂದ್‌ನ ಕಥೆ ಅದಕ್ಕಿಂತ ಹಳೆಯದು.

ಆಯುಧಗಳ ಪರಿಚಯ ಮೊದಲೇ ಆಗಿದ್ದರೆ ಮುಂದಿನ ದಿನಗಳಲ್ಲಿ ಕಣ್ಣಿಗೆ ಬಿದ್ದದ್ದು ಅರ್ಥವಾಗುತ್ತದೆ. ಕುಪ್ಯಚೇಲೆ (ಕೊಡವರ ಉದ್ದ ನಿಲುವಂಗಿ ಮತ್ತು ಸೊಂಟಪಟ್ಟಿ) ತೊಟ್ಟ ಗಂಡಸಿನ ಸೊಂಟದ ಮುಂದೆ ಸಿಕ್ಕಿಸಿಕೊಳ್ಳುವ ಸಣ್ಣ ಬಾಕು ಪೀಚೆಕತ್ತಿ. ಬೆನ್ನ ಹಿಂದೆ ತೊಡಂಗ್ ಎಂಬ ಲೋಹದ ಕೊಂಡಿಗೆ ಬೀಳುವ ಅಗಲ ಅಲಗಿನ, ಬಾಗಿದ ಭಾರದ ಕತ್ತಿ ಒಡಿಕತ್ತಿ. ಪೀಚೆಕತ್ತಿ ಈಗ ಅಲಂಕಾರದ ಸಾಲಿಗೆ ಸೇರಿದೆ. ಒಡಿಕತ್ತಿಗೆ ಮಾತ್ರ ಇನ್ನೂ ಕೆಲಸವಿದೆ: ಮದುವೆಯಲ್ಲಿ ನೆಟ್ಟ ಬಾಳೆ ದಿಂಡನ್ನು ಒಂದೇ ಏಟಿಗೆ ಕಡಿಯುವುದು. ನೋಡಲು ಸುಲಭ. ಅಲಗನ್ನು ಅಡ್ಡಡ್ಡ ಬೀಸಿದರೆ ದಿಂಡಿನ ಪದರದೊಳಗೆ ಅದು ಹೂತು ನಿಲ್ಲುತ್ತದೆ, ನೀರು ಚಿಮ್ಮುತ್ತದೆ, ನೆಂಟರು ನಗುತ್ತಾರೆ. ಓರೆಯಾಗಿ ಮೇಲಿನಿಂದ ಕೆಳಗೆ ಎಳೆಯುತ್ತಾ ಬೀಸಬೇಕು. ಬಲ ತೋಳಿನದ್ದಲ್ಲ, ಸೊಂಟ ತಿರುಗಿಸಿದ್ದು. ಇದೇ ಸೊಂಟದ ಪಾಠ ನಾಳೆ ಬೆತ್ತದಲ್ಲೂ ಬರುತ್ತದೆ.

ಎರಡನೇ ದಿನ: ನಾಪೋಕ್ಲು ಕಡೆಯ ಒಂದು ಊರು, ಅಭ್ಯಾಸ

ಮಡಿಕೇರಿಯಿಂದ ನಾಪೋಕ್ಲಿಗೆ ಇಪ್ಪತ್ತು ಕಿ.ಮೀ. ಚಿಲ್ಲರೆ. ಬೆಳಿಗ್ಗೆ ಹೋಗಿ ಪ್ರಯೋಜನವಿಲ್ಲ. ಡಿಸೆಂಬರ್ ಎಂದರೆ ಗದ್ದೆ ಕೊಯ್ಲು, ತೋಟದಲ್ಲಿ ಅರೇಬಿಕಾ ಕಾಫಿ ಕೊಯ್ಲು, ಎರಡೂ ಒಟ್ಟಿಗೆ. ಹುಡುಗರು ಕಣದಿಂದ ಕೈಕಾಲು ತೊಳೆದು ಬರುವ ಹೊತ್ತಿಗೆ ಸಂಜೆಯಾಗಿರುತ್ತದೆ. ದಿನವಿಡೀ ಬೆಟ್ಟದ ಇಳಿಜಾರಿನಲ್ಲಿ ಚೀಲ ಹೊತ್ತ ಕಾಲುಗಳಿಗೆ ಮತ್ತೆ ಒಂದೂವರೆ ಗಂಟೆ ಬಗ್ಗಿ ಕುಣಿಯುವ ಕೆಲಸ. ಸುಸ್ತಾದ ಕಾಲಿನಲ್ಲಿ ಕಲಿತದ್ದೇ ನಿಲ್ಲುತ್ತದೆ ಎನ್ನುವ ಹಿರಿಯರಿದ್ದಾರೆ. ನಮಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಸುಸ್ತಾದ ಕಾಲು ತಪ್ಪನ್ನೂ ಅಷ್ಟೇ ಗಟ್ಟಿಯಾಗಿ ಕಲಿಯುತ್ತದೆ.

ಮೊದಲು ಬೆತ್ತ. ಕಾಡುಬೆತ್ತವನ್ನು ಮನಸ್ಸಿಗೆ ಬಂದಂತೆ ಕಡಿದು ತರುವಂತಿಲ್ಲ, ಅರಣ್ಯ ಇಲಾಖೆಯ ಕಟ್ಟಳೆ ಇದೆ. ಹಾಗಾಗಿ ಹಳೆಯ ಕೋಲುಗಳನ್ನೇ ವರ್ಷದಿಂದ ವರ್ಷಕ್ಕೆ ಜೋಪಾನ ಮಾಡುತ್ತಾರೆ. ಕೋಲಾಟಕ್ಕೆ ಕೈಗೊಂದರಂತೆ ಜೋಡಿ ಸಣ್ಣ ಕೋಲು. ಪರಿಯಕಳಿಗೆ ಬಲಗೈಯಲ್ಲಿ ಮೂರಡಿ ಆಸುಪಾಸಿನ ಬಳುಕುವ ಬೆತ್ತ, ಎಡಗೈಯಲ್ಲಿ ಬೆತ್ತ ಹೆಣೆದ ಗುರಾಣಿ. ಬೆತ್ತ ಆರಿಸುವಾಗ ನೋಡುವುದು ಗೆಣ್ಣನ್ನು. ತುದಿಯ ಹತ್ತಿರ ಗೆಣ್ಣು ದಪ್ಪಗಿದ್ದರೆ ಪೆಟ್ಟು ಅಲ್ಲೇ ಕಚ್ಚುತ್ತದೆ, ಚರ್ಮ ಒಡೆಯುತ್ತದೆ. ಅಂಥದ್ದನ್ನು ಕೆರೆದು ನಯ ಮಾಡಬೇಕು. ಸೊಟ್ಟಗಿದ್ದರೆ ಕೆಂಡದ ಮೇಲೆ ಹದವಾಗಿ ಕಾಯಿಸಿ, ಬಗ್ಗಿಸಿ, ತಣ್ಣಗಾಗುವ ತನಕ ಹಿಡಿದಿರಬೇಕು. ಒಂದೇ ಕಡೆ ಹೆಚ್ಚು ಕಾಯಿಸಿದರೆ ಆ ಜಾಗ ಕಪ್ಪಾಗಿ ಒಳಗೇ ಸುಟ್ಟಿರುತ್ತದೆ, ಆಟದ ನಡುವೆ ಅಲ್ಲೇ ಮುರಿಯುತ್ತದೆ. ವರ್ಷವಿಡೀ ಒಲೆಯ ಮೇಲಿನ ಅಟ್ಟದಲ್ಲಿಟ್ಟ ಬೆತ್ತ ಒಣಗಿ ಸಿಗುರೇಳುತ್ತದೆ; ತುದಿಗೆ ದಾರ ಬಿಗಿದು ಸುತ್ತಿ, ಎಣ್ಣೆ ಉಜ್ಜಿ, ಒಂದೆರಡು ದಿನ ಬಿಟ್ಟು ಮತ್ತೆ ಉಜ್ಜುತ್ತಾರೆ. ಸಿಗುರೆದ್ದ ಬೆತ್ತವನ್ನು ಮಂದ್‌ಗೆ ತಂದವನನ್ನು ಹಿರಿಯರು ಆಟಕ್ಕೇ ಬಿಡುವುದಿಲ್ಲ.

ಕೋಲಾಟ್ ಕಲಿಸುವುದು ಹಾಡಿನಿಂದ. ನಾಲ್ವರು ದುಡಿ ಎಂಬ ಸಣ್ಣ ಚರ್ಮವಾದ್ಯ ಹಿಡಿದು ನಿಲ್ಲುತ್ತಾರೆ; ಇಬ್ಬರು ಒಂದು ಸಾಲು ಎತ್ತಿಕೊಟ್ಟರೆ ಇನ್ನಿಬ್ಬರು ಅದನ್ನೇ ಹಿಂದೆ ಹಾಡುತ್ತಾರೆ. ಸಂಜೆಯ ಇಬ್ಬನಿಗೆ ದುಡಿಯ ಚರ್ಮ ಸಡಿಲಾಗಿ ಸದ್ದು ಮಂಕಾಗುತ್ತದೆ. ಆದ್ದರಿಂದ ಪಕ್ಕದಲ್ಲಿ ಸಣ್ಣ ಬೆಂಕಿ ಇದ್ದೇ ಇರುತ್ತದೆ, ನಡುನಡುವೆ ದುಡಿ ಕಾಯಿಸಿಕೊಳ್ಳಲು. ಆಟಗಾರರು ವೃತ್ತದಲ್ಲಿ ಮೆಲ್ಲಗೆ ಸುತ್ತುತ್ತಾ, ಬಗ್ಗಿ, ಏಳುತ್ತಾ, ಮುಂದಿನವನ ಕೋಲಿಗೊಮ್ಮೆ, ತಿರುಗಿ ಹಿಂದಿನವನ ಕೋಲಿಗೊಮ್ಮೆ ತಾಗಿಸುತ್ತಾರೆ. ಹೊಸಬರು ಕೆಡುವುದು ಎರಡೇ ಕಡೆ. ಒಂದು, ಕೋಲಿನ ಸದ್ದು ಜೋರಾಗಲಿ ಎಂದು ತೋಳಿನಿಂದ ಹೊಡೆಯುತ್ತಾರೆ. ಮಣಿಕಟ್ಟಿನ ಕೆಲಸ ತೋಳಿಗೆ ಬಿದ್ದ ಮೇಲೆ ಮುಂದಿನ ತಾಳಕ್ಕೆ ಕೈ ತಡವಾಗುತ್ತದೆ. ಇನ್ನೊಂದು, ಬಗ್ಗುವಾಗ ಬೆನ್ನು ಬಗ್ಗಿಸಿ ಮಂಡಿ ನೆಟ್ಟಗಿಡುತ್ತಾರೆ. ಹಾಡಿನ ಗತಿ ಏರಿದಾಗ ಇಂಥವರೇ ಮೊದಲು ವೃತ್ತ ಒಡೆಯುವುದು. ಒಬ್ಬ ಅರ್ಧ ಹೆಜ್ಜೆ ಹಿಂದುಳಿದರೆ ಅವನ ಮುಂದೆ ಕಿಂಡಿ ಬೀಳುತ್ತದೆ, ಹಿಂದಿನವನ ಕೋಲು ಬೆರಳಿಗೆ ಬೀಳುತ್ತದೆ. ಅಭ್ಯಾಸದ ದಿನಗಳಲ್ಲಿ ನೀಲಿಗಟ್ಟಿದ ಹೆಬ್ಬೆರಳು ಎಲ್ಲರ ಕೈಯಲ್ಲೂ ಕಾಣುತ್ತದೆ.

ಪರಿಯಕಳಿಗೆ ನಿಯಮ ಒಂದೇ, ಅದು ಕಟ್ಟುನಿಟ್ಟು: ಪೆಟ್ಟು ಬೀಳಬೇಕಾದ್ದು ಮೊಣಕಾಲಿನ ಕೆಳಗೆ. ಅದರಿಂದಲೇ ಉಳಿದೆಲ್ಲ ಹುಟ್ಟುತ್ತದೆ. ಗುರಿ ಕೆಳಗಿರುವುದರಿಂದ ಗುರಾಣಿಯೂ ಕೆಳಗೇ ಇರಬೇಕು, ಗುರಾಣಿ ಕೆಳಗಿಳಿಯಬೇಕಾದರೆ ಮಂಡಿ ಬಗ್ಗಬೇಕು, ಮಂಡಿ ಬಗ್ಗಿ ನಿಂತವನು ಬೇಗ ದಣಿಯುತ್ತಾನೆ. ದಣಿದವನು ಎದ್ದು ನಿಲ್ಲುತ್ತಾನೆ; ಎದ್ದ ಕ್ಷಣಕ್ಕೆ ಮೀನಖಂಡಕ್ಕೆ ಬೆತ್ತ ಬೀಳುತ್ತದೆ. ಗುರಾಣಿ ಎರಡೂ ಕಾಲನ್ನು ಮುಚ್ಚುವಷ್ಟು ದೊಡ್ಡದಲ್ಲ, ಒಂದನ್ನು ಕಾಯುವಾಗ ಇನ್ನೊಂದನ್ನು ಹಿಂದೆ ಎಳೆದುಕೊಳ್ಳಬೇಕು. ಹೀಗಾಗಿ ಆಟಗಾರ ಒಂದೆಡೆ ನಿಲ್ಲುವುದಿಲ್ಲ, ಮುಂಗಾಲಿನ ಮೇಲೆ ಸಣ್ಣಸಣ್ಣಗೆ ಚಿಮ್ಮುತ್ತಲೇ ಇರುತ್ತಾನೆ. ಕಲಿಸುವವರು ಮೊದಲು ಬೆತ್ತ ಕೊಡುವುದೇ ಇಲ್ಲ. ಗುರಾಣಿ ಮಾತ್ರ ಕೊಟ್ಟು, ಎದುರಿನವನ ಬೆತ್ತದಿಂದ ತಪ್ಪಿಸಿಕೊಳ್ಳುವುದನ್ನಷ್ಟೇ ಮಾಡಿಸುತ್ತಾರೆ.

ಬೆತ್ತ ಕೈಗೆ ಬಂದ ಮೇಲೆ ಸಾಮಾನ್ಯವಾಗಿ ಆಗುವ ತಪ್ಪು, ಅದನ್ನು ಭುಜದ ಮೇಲೆತ್ತುವುದು. ಮೇಲೆತ್ತಿದ ಬೆತ್ತ ಕೆಳಗಿಳಿಯುವಷ್ಟರಲ್ಲಿ ಎದುರಿನವನು ಕಾಲೆಳೆದಿರುತ್ತಾನೆ, ಮೇಲಾಗಿ ಹೊಡೆಯುವವನ ಪಕ್ಕೆ, ಕಾಲು ಎರಡೂ ಬಯಲಾಗಿರುತ್ತದೆ. ಸೊಂಟದ ಮಟ್ಟದಿಂದಲೇ, ನೆಲಕ್ಕೆ ಸಮನಾಗಿ, ಮಣಿಕಟ್ಟು ಬಿಟ್ಟು ಬೀಸಬೇಕು. ಬಳುಕು ಬೆತ್ತದಲ್ಲೇ ಇರುವುದರಿಂದ ಬಲ ಬೇಕಾಗಿಲ್ಲ. ಎದುರಿನವನ ಬೆತ್ತವನ್ನೇ ದಿಟ್ಟಿಸುವುದು ಇನ್ನೊಂದು ತಪ್ಪು.

“ಕೋಲು ನೋಡಬೇಡ ಮೋನೇ, ಸೊಂಟ ನೋಡು. ಕೋಲು ಸುಳ್ಳು ಹೇಳ್ತದೆ” ಎಂದು ಕಲಿಸುತ್ತಿದ್ದ ಹಿರಿಯರು ಕೂಗಿದರು.

“ಕತ್ತಲೆ ತಾತ, ಸೊಂಟವೇ ಕಾಣ್ತಿಲ್ಲ!”

“ಹಾಗಾದ್ರೆ ಕಾಲು ಕಾಣಿಸ್ಬೇಡ, ಒಳಗೆ ಎಳ್ಕೊ.”

ಗಾಯಗಳಲ್ಲಿ ಬಾಸುಂಡೆಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ತಣ್ಣೀರು ಸುರಿದು ಮತ್ತೆ ನಿಲ್ಲುತ್ತಾರೆ. ಹೆದರುವುದು ಹಿಮ್ಮಡಿಯ ಗಂಟಿಗೆ ಬೀಳುವ ಪೆಟ್ಟಿಗೆ. ಮೂಳೆಯ ಮೇಲೆ ಮಾಂಸವಿಲ್ಲದ ಜಾಗ. ಊದಿಕೊಂಡರೆ ಆ ವರ್ಷದ ಆಟ ಮುಗಿದಂತೆ. ಕೆಳಗೇ ಗುರಿ ಇಟ್ಟವನ ಕೈ ಇನ್ನಷ್ಟು ಕೆಳಗಿಳಿದಾಗ, ಅಥವಾ ಇಬ್ಬನಿಯ ಹುಲ್ಲಿನಲ್ಲಿ ಎದುರಿನವನು ಜಾರಿದಾಗ ಹೀಗಾಗುತ್ತದೆ. ಬರಿಗಾಲಲ್ಲಿ ಆಡುವುದು ಸಂಪ್ರದಾಯ ಮಾತ್ರವಲ್ಲ, ಒದ್ದೆ ಹುಲ್ಲಿಗೆ ಅದೇ ಹಿಡಿತ.

ಮೂರನೇ ದಿನ: ಕಕ್ಕಬ್ಬೆ, ಪುತ್ತರಿ ರಾತ್ರಿ

ಹಗಲು ನಾಲ್ನಾಡು ಅರಮನೆ. ದೊಡ್ಡವೀರರಾಜೇಂದ್ರ 1790ರ ದಶಕದಲ್ಲಿ ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ಕಟ್ಟಿಸಿದ್ದು. 1834ರಲ್ಲಿ ಬ್ರಿಟಿಷರು ಬಂದಾಗ ಚಿಕ್ಕವೀರರಾಜೇಂದ್ರ ಬಂದು ಸೇರಿದ್ದೂ ಇಲ್ಲಿಗೇ. ಅರ್ಧ ಗಂಟೆ ಸಾಕು. ಹತ್ತಿರದಲ್ಲೇ ಇರುವ ಇಗ್ಗುತ್ತಪ್ಪನ ಸನ್ನಿಧಿಯಲ್ಲಿ ಅವತ್ತು ಜನಜಾತ್ರೆ. ಕದಿರು ಮೊದಲು ದೇವರಿಗೆ, ಆಮೇಲೆ ಐನ್‌ಮನೆಗಳಿಗೆ, ಅಂದರೆ ಕುಟುಂಬಗಳ ಮೂಲ ಮನೆಗಳಿಗೆ.

ರಾತ್ರಿ ಗದ್ದೆಗೆ ಹೋಗುವವರು ಟಾರ್ಚ್ ಕಡಿಮೆ ಬಳಸಿ, ಬದುವಿನ ಮೇಲೆ ಸಾಲಾಗಿ ನಡೆಯಬೇಕು. ಗಳಿಗೆ ಕೂಡಿದಾಗ ಕೋವಿಯ ಗುಂಡು ಹಾರುತ್ತದೆ, ಕದಿರು ಕೊಯ್ಯುತ್ತಾರೆ, “ಪೊಲಿ ಪೊಲಿ ದೇವಾ” ಎಂದು ಕೂಗುತ್ತಾ ಮನೆಗೆ ತರುತ್ತಾರೆ. ಒಂದು ಗದ್ದೆಯ ಗುಂಡಿಗೆ ಆಚೆ ಕಣಿವೆಯ ಗದ್ದೆಯಿಂದ ಉತ್ತರ ಬರುತ್ತದೆ. ಹೊರಗಿನವರಿಗೆ ಏಳುವ ಪ್ರಶ್ನೆ, ಇಷ್ಟು ಮನೆಗಳಲ್ಲಿ ಕೋವಿ ಹೇಗೆ ಎಂದು. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಹಕ್ಕಿನ ಜಮೀನು) ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದೂಕು ಪರವಾನಗಿಯಲ್ಲಿ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ರಾಜ್ಯ ಹೈಕೋರ್ಟ್ ಎತ್ತಿಹಿಡಿಯಿತು. ವಿನಾಯಿತಿ ಇದೆಯೆಂದು ನೆಂಟರ ಕೈಗೆಲ್ಲ ಕೋವಿ ಕೊಡುವ ಪದ್ಧತಿಯಿಲ್ಲ; ಫೋಟೊಗೆಂದು ಕೇಳಬೇಡಿ.

ತಂಬಿಟ್ಟು, ಪುತ್ತರಿ ಗೆಣಸು ತಿಂದು ಮಲಗುವಾಗ ಬಹಳ ಹೊತ್ತಾಗಿರುತ್ತದೆ.

ನಾಲ್ಕನೇ ದಿನ: ಮತ್ತೆ ಮಡಿಕೇರಿ, ಕೋಟೆಯಂಗಳ

ಪುತ್ತರಿಯ ಮರುದಿನ ಕೋಟೆಯ ಆವರಣದಲ್ಲಿ ಕೋಲಾಟ್. ಮಂದ್‌ನಲ್ಲಿ ನೋಡಿದ್ದೇ ಇಲ್ಲಿ ಬೇರೆಯಾಗಿ ಕಾಣುತ್ತದೆ. ಹುಲ್ಲಿನ ಬದಲು ಗಟ್ಟಿ ನೆಲ, ಬಿಳಿ ಕುಪ್ಯ, ತಲೆಗೆ ಪೇಟ, ಸುತ್ತ ಜನ, ಮೊಬೈಲು. ಬೇಗ ಹೋಗಿ ವಾಲಗದವರ ಪಕ್ಕದಲ್ಲಿ ಜಾಗ ಹಿಡಿಯಿರಿ. ಕ್ಯಾಮೆರಾದವರು ಮುಖ ಹಿಡಿಯಲು ಎದುರಿಗೆ ನಿಲ್ಲುತ್ತಾರೆ. ಈ ಆಟ ಇರುವುದು ಕಾಲಿನಲ್ಲಿ, ಅದು ಕಾಣಬೇಕಾದರೆ ಕೂತು ನೋಡಬೇಕು.

ಪ್ರದರ್ಶನದಲ್ಲಿ ಕೆಡುವ ಸಂಗತಿ ಅಭ್ಯಾಸದಲ್ಲಿ ಕೆಡುವುದಲ್ಲ. ಉಡುಪು ಒಂದು ತೊಡಕು: ಮಂಡಿಯ ಕೆಳಗಿನವರೆಗೆ ಬರುವ ಕುಪ್ಯದ ಅಂಚು ಬಗ್ಗಿದಾಗ ಕೋಲಿಗೆ ಸಿಕ್ಕುತ್ತದೆ. ಆದ್ದರಿಂದ ಕೊನೆಯ ಒಂದೆರಡು ಅಭ್ಯಾಸ ಕುಪ್ಯ ತೊಟ್ಟೇ ಆಗಬೇಕು. ಬಾಡಿಗೆಗೆ ತಂದವರು ಹಬ್ಬದ ಬೆಳಿಗ್ಗೆ ಮೊದಲ ಬಾರಿ ತೊಟ್ಟರೆ ಕಷ್ಟ. ಸೊಂಟಕ್ಕೆ ಸುತ್ತುವ ಕೆಂಪು ಚೇಲೆ ಸಡಿಲಾಗಿದ್ದರೆ ನಾಲ್ಕು ಸುತ್ತಿಗೆ ಬಿಚ್ಚಿಕೊಳ್ಳುತ್ತದೆ, ತೀರಾ ಬಿಗಿದರೆ ಉಸಿರು ಕಟ್ಟುತ್ತದೆ. ಗಾಳಿ ಇನ್ನೊಂದು: ತೆರೆದ ಜಾಗದಲ್ಲಿ ದುಡಿಯ ಸದ್ದು ಒಂದು ಕಡೆಗೆ ಹೋಗಿ, ವೃತ್ತದ ಆಚೆ ಬದಿಯವರು ತಾಳವನ್ನು ಕಿವಿಯಿಂದಲ್ಲ, ಎದುರಿನವರ ಭುಜ ನೋಡಿ ಹಿಡಿಯಬೇಕಾಗುತ್ತದೆ. ಮೈಕು ಇಟ್ಟರೆ ಸರಿಹೋಗುತ್ತದೆಂದು ಅಂದುಕೊಳ್ಳಬಹುದು. ಸ್ಪೀಕರು ದೂರವಿದ್ದರೆ ಸದ್ದು ಎರಡು ಕಡೆಯಿಂದ ಬಂದು ಇನ್ನೂ ಗೊಂದಲ.

ಕತ್ತಿ, ಚೌರಿ, ನವಿಲುಗರಿ ಹಿಡಿದು ಕುಣಿಯುವ ಕತ್ತಿಯಾಟ್, ಚೌರಿಯಾಟ್, ಪೀಲಿಯಾಟ್‌ಗಳನ್ನು ನೋಡಬೇಕಾದವರು ದೇವಸ್ಥಾನದ ಹಬ್ಬಗಳ ಕಾಲಕ್ಕೆ ಬರಬೇಕು. ಬೊಳಕಾಟ್ ದೀಪದ ಸುತ್ತ, ಉಮ್ಮತ್ತಾಟ್ ಹೆಂಗಸರದು, ಕೈತಾಳದೊಂದಿಗೆ. ಎಲ್ಲವನ್ನೂ ಒಂದೇ ಪ್ರವಾಸದಲ್ಲಿ ಮುಗಿಸುವ ಆಸೆ ಬೇಡ.

ಐದನೇ ದಿನ: ನಾಡ್ ಮಂದ್

ಊರ ಮಂದ್‌ಗಳ ಆಟ ಮುಗಿದ ಮೇಲೆ ಹಲವು ಊರುಗಳು ಸೇರುವ ನಾಡ್ ಮಂದ್. ಪರಿಯಕಳಿಯ ನಿಜವಾದ ಬಿಸಿ ಇರುವುದು ಇಲ್ಲಿ, ಯಾಕೆಂದರೆ ಎದುರಿಗಿರುವವನು ನಿಮ್ಮ ಜೊತೆ ಅಭ್ಯಾಸ ಮಾಡಿದವನಲ್ಲ. ಕೋಲಾಟ್ ಮುಗಿದು, ಜನ ವೃತ್ತವಾಗಿ ಹಿಂದೆ ಸರಿದು, ತಕ್ಕರು (ಊರಿನ ಮುಖ್ಯಸ್ಥರು), ಹಿರಿಯರು ನಡುವೆ ಬಂದು ನಿಲ್ಲುತ್ತಾರೆ. ಒಬ್ಬ ಬೆತ್ತ, ಗುರಾಣಿ ಹಿಡಿದು ಬಯಲಿಗಿಳಿದು ಚಿಮ್ಮುತ್ತಾ ಸುತ್ತುತ್ತಾನೆ. ಆಚೆ ಊರಿನ ಕಡೆಯಿಂದ ಅವನಿಗೆ ಸರಿಜೋಡಿಯಾದವನು ಬರಬೇಕು. ಎತ್ತರ, ವಯಸ್ಸು ತೀರಾ ಹೊಂದದಿದ್ದರೆ ಹಿರಿಯರೇ ಒಬ್ಬನನ್ನು ಹಿಂದಕ್ಕೆ ಕಳಿಸುತ್ತಾರೆ. ತೂಕದ ಪಟ್ಟಿ, ವಯಸ್ಸಿನ ವಿಭಾಗ ಯಾವುದೂ ಇಲ್ಲ, ಕಣ್ಣಳತೆಯೇ ಎಲ್ಲ.

ಹತ್ತಿರದಿಂದ ನೋಡಿದ ಒಂದು ಜೋಡಿ. ಒಬ್ಬ ಉದ್ದ ಕಾಲಿನವನು, ಇನ್ನೊಬ್ಬ ಕುಳ್ಳ, ಗಟ್ಟಿ. ಉದ್ದದವನಿಗೆ ದೂರದಿಂದ ಬೀಸುವ ಅನುಕೂಲ. ಆದರೆ ಅವನ ಗುರಾಣಿ ಕೆಳಗಿಳಿಯಲು ಅವನು ಎಷ್ಟೋ ಹೆಚ್ಚು ಬಗ್ಗಬೇಕು. ಕುಳ್ಳ ಅದನ್ನೇ ಕಾಯುತ್ತಿದ್ದ. ಎರಡು ಬೀಸು ಬರಿದೇ ಗಾಳಿಗೆ ಹೋಗಲು ಬಿಟ್ಟ, ಮೂರನೆಯದನ್ನು ಗುರಾಣಿಯ ಅಂಚಿನಲ್ಲಿ ತಡೆದು ಎರಡು ಹೆಜ್ಜೆ ಒಳಗೆ ನುಗ್ಗಿದ. ಹತ್ತಿರ ಬಂದವನಿಗೆ ಮೂರಡಿಯ ಬೆತ್ತ ಬೀಸಲು ಜಾಗವಿಲ್ಲ, ಆದರೂ ಮಣಿಕಟ್ಟು ತಿರುಗಿಸಿ ತುದಿಯನ್ನು ಎದುರಿನವನ ಮೀನಖಂಡದ ಹಿಂಬದಿಗೆ ಸುತ್ತಿಸಿದ. ಚಟ್ ಎಂಬ ಸದ್ದಿಗೆ ಜನ ಕೇಕೆ ಹಾಕಿದರು. ಹಿರಿಯರು ಬೆತ್ತ ಅಡ್ಡ ಹಿಡಿದು ನಿಲ್ಲಿಸಿದರು. ಇಬ್ಬರೂ ತಬ್ಬಿಕೊಂಡರು, ಅಲ್ಲಿಗೆ ಮುಗಿಯಿತು. ಗೆದ್ದವರು ಯಾರು ಎಂದು ಯಾರೂ ಘೋಷಿಸಲಿಲ್ಲ.

ನಿಲ್ಲಿಸುವ ಗಳಿಗೆಯಲ್ಲೇ ಹಿರಿಯರ ಜಾಣತನವಿರುವುದು. ಪೆಟ್ಟು ತಿಂದವನಿಗೆ ಸಿಟ್ಟು ಬಂದು ಬೆತ್ತ ಮೊಣಕಾಲಿನ ಮೇಲೆ ಏರಿತೆಂದರೆ ಆಟ ಜಗಳಕ್ಕೆ ತಿರುಗುತ್ತದೆ, ಅದೂ ಎರಡು ಊರುಗಳ ನಡುವೆ. ಅನುಭವಿಗಳು ನೋಡುವುದು ಪೆಟ್ಟನ್ನಲ್ಲ, ಹುಡುಗನ ದವಡೆಯನ್ನು. ಹಲ್ಲು ಕಚ್ಚಿದ್ದು ಕಂಡರೆ ನಿಲ್ಲಿಸಿಬಿಡುತ್ತಾರೆ, ಇನ್ನೂ ಒಂದು ಪೆಟ್ಟೂ ಬಿದ್ದಿರದಿದ್ದರೂ ಸರಿ. ಕುಡಿದು ಬಂದವನನ್ನು ಬಯಲಿಗಿಳಿಸುವುದಿಲ್ಲ. ಹಬ್ಬದ ವಾರದಲ್ಲಿ ಇದನ್ನು ಜಾರಿಮಾಡುವುದೇ ಅವರಿಗೆ ದೊಡ್ಡ ಕೆಲಸ.

ನೋಡಲು ಹೋಗುವವರು ಚಪ್ಪಲಿ ಹೊರಗೆ ಬಿಡಿ, ಕೇಳದೆ ವೃತ್ತದೊಳಗೆ ಕಾಲಿಡಬೇಡಿ. ಡ್ರೋನ್ ಹಾರಿಸುವ ಯೋಚನೆಯಿದ್ದರೆ ಮನೆಯಲ್ಲೇ ಬಿಟ್ಟು ಬನ್ನಿ.

ಆರನೇ ದಿನ: ವಿರಾಜಪೇಟೆ, ಪೊನ್ನಂಪೇಟೆ ಕಡೆ, ಸ್ಪರ್ಧೆ

ಮಡಿಕೇರಿಯಿಂದ ವಿರಾಜಪೇಟೆಗೆ ಸುಮಾರು 30 ಕಿ.ಮೀ., ಅಲ್ಲಿಂದ ಗೋಣಿಕೊಪ್ಪ, ಪೊನ್ನಂಪೇಟೆ. ದಕ್ಷಿಣ ಕೊಡಗಿನ ಈ ಕಡೆ ಕಾಲೇಜು ಮೈದಾನಗಳಲ್ಲಿ, ಕೊಡವ ಸಮಾಜದ ಕಟ್ಟಡಗಳಲ್ಲಿ ಮಂದ್ ಮಂದ್‌ಗಳ ನಡುವೆ ಸ್ಪರ್ಧೆ ಏರ್ಪಡಿಸುವುದು ಈಗ ಪುತ್ತರಿ ಸುತ್ತಿನ ಕಾಲದ ರೂಢಿ. ಕೋಲಾಟ್, ಬೊಳಕಾಟ್, ಉಮ್ಮತ್ತಾಟ್, ದುಡಿ ಬಡಿದು ಹಾಡುವ ಬಾಳೋಪಾಟ್ ಜೊತೆಗೆ ಪರಿಯಕಳಿಯೂ ಪಟ್ಟಿಯಲ್ಲಿರುತ್ತದೆ.

ಸ್ಪರ್ಧೆ ಜನರನ್ನು ತಂದಿದೆ, ಅದರಲ್ಲಿ ಅನುಮಾನವಿಲ್ಲ. ಬೆಂಗಳೂರಿನಲ್ಲಿ ಕೆಲಸ ಮಾಡುವ ಹುಡುಗನಿಗೆ ಊರ ಮಂದ್‌ಗೆ ಬಾ ಎಂದರೆ ರಜೆಯಿಲ್ಲ. ತಂಡದಲ್ಲಿ ನಿನ್ನ ಹೆಸರಿದೆ ಎಂದರೆ ರಾತ್ರಿ ಬಸ್ಸು ಹತ್ತುತ್ತಾನೆ. ಒಕ್ಕದ (ಒಂದೇ ಮನೆತನದವರ), ಊರಿನ ಹೆಸರಿನಲ್ಲಿ ತಂಡ ಕಟ್ಟಿದರೆ ಕೊಡಗಿನಲ್ಲಿ ಏನಾಗುತ್ತದೆ ಎಂಬುದಕ್ಕೆ ಹಾಕಿ ಸಾಕ್ಷಿ: 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕುಟುಂಬಗಳ ಹಾಕಿ ಹಬ್ಬದಲ್ಲಿ 60 ತಂಡ, 2024ರಲ್ಲಿ ನಾಪೋಕ್ಲಿನಲ್ಲಿ 360. ಬೆತ್ತದ ಆಟಕ್ಕೂ ಅದೇ ಗಾಳಿ ಬೀಸಲಿ ಎನ್ನುವವರ ಮಾತು ನ್ಯಾಯವೇ.

ಆದರೆ ಅಂಕ ಬಂದಲ್ಲಿ ಆಟ ಅಂಕದ ಕಡೆಗೆ ವಾಲುತ್ತದೆ. ಕೋಲಾಟ್ ಮಂದ್‌ನಲ್ಲಿ ಮೆಲ್ಲಗೆ ಶುರುವಾಗಿ ಬಹಳ ಹೊತ್ತು ಅದೇ ಗತಿಯಲ್ಲಿ ಸಾಗುತ್ತದೆ. ವೇದಿಕೆಯಲ್ಲಿ ನಿಮಿಷ ಎಣಿಸಿ ಗಂಟೆ ಹೊಡೆಯುವುದರಿಂದ ತಂಡಗಳು ಆರಂಭದ ಆ ಭಾಗವನ್ನೇ ಕತ್ತರಿಸಿ ನೇರ ಬಿರುಸಿಗೆ ಹಾರುತ್ತವೆ. ಬಿರುಸಿನಲ್ಲಿ ಬಗ್ಗುವಿಕೆ ಅರ್ಧವಾಗುತ್ತದೆ. ಮೇಜಿನ ಹಿಂದೆ ಕೂತ ತೀರ್ಪುಗಾರರಿಗೆ ಕಾಣುವುದು ಭುಜ, ಕೈ, ಉಡುಪಿನ ಒಪ್ಪ. ಮೇಜಿನ ಅಂಚು ಕಾಲನ್ನು ಮುಚ್ಚಿರುತ್ತದೆ. ತೀರ್ಪುಗಾರರಲ್ಲಿ ಒಬ್ಬರನ್ನಾದರೂ ಮೈದಾನದ ಪಕ್ಕ ಚಾಪೆಯ ಮೇಲೆ ಕೂರಿಸುವುದು ಕಷ್ಟವೇನಲ್ಲ. ಇನ್ನೊಂದು, ಊರಿಂದೂರಿಗೆ ಹೆಜ್ಜೆಯಲ್ಲಿ, ಹಾಡಿನ ಎಳೆತದಲ್ಲಿ ವ್ಯತ್ಯಾಸವಿದೆ. ಹೋದ ಸಲ ಬಹುಮಾನ ಪಡೆದ ತಂಡದ ವಿಡಿಯೋ ನೋಡಿ ಎಲ್ಲರೂ ಅದನ್ನೇ ಕಲಿತರೆ ಆ ವ್ಯತ್ಯಾಸ ಬೇಗ ಅಳಿಸಿಹೋಗುತ್ತದೆ.

ಪರಿಯಕಳಿಗೆ ಸ್ಪರ್ಧೆಯಲ್ಲಿ ತೊಡಕು ಬೇರೆ. ಪೆಟ್ಟು ಎಣಿಸಬೇಕು ಎಂದ ಕೂಡಲೇ ಯಾವುದು ಪೆಟ್ಟು ಎಂಬ ಪ್ರಶ್ನೆ ಏಳುತ್ತದೆ. ಗುರಾಣಿಗೆ ತಾಗಿ ಜಾರಿ ಕಾಲಿಗೆ ಬಿದ್ದದ್ದು ಲೆಕ್ಕಕ್ಕೆ ಬರುತ್ತದೆಯೇ? ಇಬ್ಬರೂ ಒಟ್ಟಿಗೆ ಹೊಡೆದರೆ? ಕುಪ್ಯದ ಅಂಚಿಗೆ ಬಡಿದ ಸದ್ದನ್ನು ಕಾಲಿನ ಪೆಟ್ಟೆಂದು ತಿಳಿಯುವುದೂ ಉಂಟು. ಒಬ್ಬರೇ ನಿರ್ಣಾಯಕರು ಸಾಲದು, ಎರಡು ಬದಿಗೂ ಒಬ್ಬೊಬ್ಬರು ಬೇಕು. ಆಟಕ್ಕೆ ಮೊದಲು ಇವನ್ನೆಲ್ಲ ಎರಡೂ ಕಡೆಯವರಿಗೆ ಕೂಗಿ ಹೇಳಿ ಒಪ್ಪಿಸಿಕೊಂಡರೆ ತಕರಾರು ಕಡಿಮೆ. ಎಣಿಕೆಯ ಆಟದಲ್ಲಿ ಮುಂದಿರುವವನು ತಪ್ಪಿಸಿಕೊಂಡು ಓಡಾಡಿ ಹೊತ್ತು ಕಳೆಯುತ್ತಾನೆ. ನಾಡ್ ಮಂದ್‌ನಲ್ಲಿ ಹಾಗೆ ಓಡಿದವನಿಗೆ ಜನರೇ ಹೂಯ್ ಎನ್ನುತ್ತಾರೆ.

ಸ್ಪರ್ಧೆಗೆ ಹೆಚ್ಚು ಸಲೀಸಾಗಿ ಒಗ್ಗಿದ್ದು ತೆಂಗಿನಕಾಯಿಗೆ ಗುಂಡು ಹೊಡೆಯುವ ಆಟ. ಅದರ ಕಾಲ ಸೆಪ್ಟೆಂಬರ್ 3ರ ಕೈಲ್‌ಪೊಳ್ದ್, ಆಯುಧಗಳಿಗೆ ತೋಕ್‌ಪೂ ಎಂಬ ಕಾಡುಹೂ ಮುಡಿಸಿ ಪೂಜಿಸುವ ಹಬ್ಬ. ಹಿಂದೆ ಮರದ ತುದಿಗೆ ಕಾಯಿ ಕಟ್ಟಿ ಹೊಡೆಯುತ್ತಿದ್ದರು. ಈಗ ಅಳೆದ ದೂರದಲ್ಲಿ, ಹಿಂದೆ ಮಣ್ಣಿನ ದಿಣ್ಣೆ ಇರುವ ಕಡೆ,.22 ರೈಫಲ್ಲಿಗೆ ಒಂದು ವಿಭಾಗ, 12 ಬೋರಿನ ಕೋವಿಗೆ ಒಂದು, ಏರ್‌ಗನ್ನಿಗೆ ಕಾಯಿಯ ಬದಲು ಮೊಟ್ಟೆ. ಇಲ್ಲಿ ತೀರ್ಪಿನ ಜಗಳ ಕಡಿಮೆ, ಆದರೂ ಇಲ್ಲವೆಂದಲ್ಲ. .22ರ ಗುಂಡು ಕಾಯಿಯನ್ನು ಒಡೆಯದೆ ಸಣ್ಣ ತೂತು ಮಾಡಿ ಹೋಗಬಹುದು, ದೂರದಿಂದ ಅದು ಕಾಣದು. ಆದ್ದರಿಂದ ಪ್ರತಿ ಸುತ್ತಿಗೂ ಕೋವಿಗಳನ್ನೆಲ್ಲ ಕೆಳಗಿಡಿಸಿ, ಒಬ್ಬರು ನಡೆದು ಹೋಗಿ ಕಾಯಿ ತಿರುಗಿಸಿ ನೋಡಿ ಬರುತ್ತಾರೆ. ಹಗ್ಗಕ್ಕೆ ನೇತುಹಾಕಿದ ಕಾಯಿ ಗಾಳಿಗೆ ತೂಗುತ್ತದೆ. ತೂಗಾಟದ ನಡುವಿಗೆ ಗುರಿಯಿಟ್ಟವನು ತಪ್ಪುವುದೇ ಹೆಚ್ಚು, ಯಾಕೆಂದರೆ ಅಲ್ಲಿ ಅದರ ಓಟ ಅತಿ ಜೋರು. ತುದಿಗೆ ಹೋಗಿ ಹಿಂದೆ ತಿರುಗುವ ಮುನ್ನ ಕಾಯಿ ಅರೆಗಳಿಗೆ ನಿಲ್ಲುತ್ತದೆ. ಪಳಗಿದವರು ಕೋವಿಯ ಕುದುರೆ (ಟ್ರಿಗರ್) ಎಳೆಯುವುದು ಆಗ.